ಹನ್ನೊಂದನೇ ಪುಟದ ಕಸ್ತೂರೆವ್ವ

“ಕಾಗದ ಮಾತ್ರ ಚಲೋ ಐತ್ರಿ. ಎಣ್ಣಿ ಹೀರತೈತಿ. ನಮ್ಮ ಗದಗಿನ ಮಿರ್ಚಿ ಅಂಗಡಿಯವರೆಲ್ಲಾ ಈ ಪತ್ರಿಕೆಗೆ ಚಂದಾದಾರರಾಗಬೇಕಂತ ಈ ವೇದಿಕೆ ಮ್ಯಾಲಿಂದ ಕೈಮುಗಿದು ಕೇಳ್ಕೊತೀನಿ!”

ನಿವೃತ್ತ ಪ್ರಾಚಾರ್ಯ ಶಿವಯೋಗಿ ಸರ್ ‘ಕಿಡಿಗೇಡಿ’ಯ ಮೂರನೇ ಸಂಚಿಕೆಯನ್ನು ಎರಡೇ ಬೆರಳಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದ ಹಾಗೆ ಎತ್ತಿ ತೋರಿಸಿದರು. ಸಭಾಭವನದಲ್ಲಿದ್ದ ಇನ್ನೂರು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸರ್ ನುರಿತ ಭಾಷಣಕಾರರು. ನಗು ಪೂರ್ತಿ ಇಳಿಯಲಿ ಎಂದು ಕಾದು, ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಬಿಟ್ಟರು.

“ಸಂಪಾದಕರು ಯಾರಪ್ಪಾ ಅಂತ ನೋಡಿದೆ. ಮಾಂತೇಶ ಅಂತ. ಕಲಿತದ್ದು ಒಂಬತ್ತನೇತ್ತಾ, ಅದೂ ಅರ್ಧಾ. ಈಜ ಬರದಾಂವ ಬಾಂವಿ ದಂಡಿಮ್ಯಾಲೆ ನಿಂತು ಊರ ಹುಡುಗರಿಗೆ ಈಜ ಕಲಸ್ತಾನಂತ. ಇದ್ದ ಹುಡುಗರೂ ಮುಳುಗಿ ಹೋಗ್ತಾವು, ಹುಷಾರ್ರಪಾ!”

ಹಿಂದಿನ ಸಾಲಿನಲ್ಲಿ ಕೂತಿದ್ದ ಮಾಂತೇಶ ಎದ್ದ ರಭಸಕ್ಕೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಹಾರಿ ಗೋಡೆಗೆ ಬಡಿಯಿತು. ಇಪ್ಪತ್ನಾಲ್ಕು ವರ್ಷದ ಹುಡುಗ. ಸಿಟ್ಟು ಮೂಗಿನ ತುದಿಯಲ್ಲೇ ಮನೆ ಮಾಡಿತ್ತು.

“ಏ ಸರ! ನಿಮ್ಮ ಹದಿನೆಂಟೂ ಪುಸ್ತಕ ಅಚ್ಚ ಹಾಕಿದಾಂವ ನಾನು! ಅವನ್ನ ಪೂರ್ತಿ ಓದಿದವರು ಇಬ್ಬರ. ಒಬ್ಬ ನಾನು, ಇನ್ನೊಂದು ನಮ್ಮ ಮಷೀನು!”

ಅಲ್ಲಿಗೇ ನಿಲ್ಲಿಸಿದ್ದರೆ ಅವತ್ತಿನ ಸಭೆ ಅವನದೇ ಆಗುತ್ತಿತ್ತು. ಮುಂದಿನ ಸಾಲಿನಲ್ಲಿ ಆಗಲೇ ಇಬ್ಬರು ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ಆದರೆ ಮಾಂತೇಶನ ನಾಲಿಗೆಗೆ ನಿಲ್ದಾಣವೆಂಬುದು ಇರಲಿಲ್ಲ. ಅದರ ಹಿಂದೆಯೇ ಒಂದು ಬೈಗುಳ ಬಂತು, ಅಚ್ಚು ಹಾಕಲು ಬಾರದಂಥದ್ದು. ನಕ್ಕವರೆಲ್ಲ ಮುಖ ಗಂಟು ಹಾಕಿಕೊಂಡರು. ಇಬ್ಬರು ಸ್ವಯಂಸೇವಕರು ಬಂದು ರಟ್ಟೆ ಹಿಡಿದು ಅವನನ್ನು ಹೊರಗೆ ಬಿಟ್ಟರು. ಒಳಗೆ ಶಿವಯೋಗಿ ಸರ್ ತಣ್ಣನೆಯ ದನಿಯಲ್ಲಿ, “ನೋಡಿದ್ರಲಾ? ಇಂಥವರ ಕೈಯಾಗ ನಿಮ್ಮ ಮಕ್ಕಳ ಬರವಣಿಗಿ ಐತಿ. ನಮ್ಮ ಸಾಹಿತ್ಯ ವೇದಿಕೆಯಿಂದ ಯುವ ಬರಹಗಾರರ ಸಂಕಲನ ಬರತೈತಿ. ಕಳಿಸೋರು ಕಳಿಸಬಹುದು,” ಎಂದದ್ದು ಬಾಗಿಲಾಚೆಗೂ ಸ್ಪಷ್ಟವಾಗಿ ಕೇಳಿತು.

ಮರುದಿನ ಬೆಳಗಾಗುವುದರೊಳಗೆ ‘ಕಿಡಿಗೇಡಿ’ಯ ಏಳು ಬರಹಗಾರರಲ್ಲಿ ನಾಲ್ವರು ತಮ್ಮ ಕಥೆ ಕವನ ವಾಪಸು ಕೇಳಿದ್ದರು. “ಸಿಟ್ಟಾಗಬ್ಯಾಡ ಅಣ್ಣಾ, ಮನ್ಯಾಗ ಬೈತಾರ,” ಅಂತ ಒಬ್ಬ. ಇನ್ನೊಬ್ಬಳು ಬರೀ ಕೈಮುಗಿದ ಚಿತ್ರ ಕಳಿಸಿದಳು.

ಮಾಂತೇಶ ಈಶಪ್ಪನವರ ಪ್ರೆಸ್ಸಿನಲ್ಲಿ ಮಷೀನ್ ನಡೆಸುವವನು. ಲಗ್ನಪತ್ರಿಕೆಯ ಕಾಲದಲ್ಲಿ ಕತ್ತರಿಸಿ ಉಳಿದ ಕಾಗದವನ್ನು ಈಶಪ್ಪ ಅವನಿಗೆ ಬಿಟ್ಟುಕೊಡುತ್ತಿದ್ದರು, ರವಿವಾರ ಮಷೀನನ್ನೂ ಕೊಡುತ್ತಿದ್ದರು. ಹಾಗಾಗಿ ‘ಕಿಡಿಗೇಡಿ’ಯ ಒಂದು ಪುಟ ಹಳದಿ, ಒಂದು ಗುಲಾಬಿ, ಒಂದು ತಿಳಿಹಸಿರು. ಹದಿನಾರರಿಂದ ಇಪ್ಪತ್ತರ ಹುಡುಗ ಹುಡುಗಿಯರು ಬರೆದದ್ದಷ್ಟೇ ಅದರಲ್ಲಿ. ದೊಡ್ಡವರಿಗೆ ಪ್ರವೇಶವಿಲ್ಲ. ಆದರೆ ಓದುವವರು ಬೇಕಲ್ಲ? ಮೊದಲ ಮೂರು ಸಂಚಿಕೆಯ ಕಟ್ಟುಗಳು ಅಂಗಡಿಗಳಿಂದ ಹೋದ ಹಾಗೇ ವಾಪಸು ಬಂದು, ಬೆಟಗೇರಿಯ ಅವನ ಮನೆಯ ಮಂಚದಡಿ ಮಲಗಿದ್ದವು.

ನಾಲ್ಕನೇ ಸಂಚಿಕೆಗೆ ಖಾಲಿ ಬಿದ್ದ ಪುಟಗಳಲ್ಲಿ ಶಿವಯೋಗಿ ಸರ್ ಜನ್ಮ ಜಾಲಾಡಿಬಿಡಬೇಕೆಂದು ಅವನು ಕತ್ತಿ ಮಸೆಯುತ್ತಿದ್ದ. ಈಶಪ್ಪ ಕನ್ನಡಕದ ಮೇಲಿನಿಂದ ನೋಡಿ, “ಬೈಗಳಾ ಅಚ್ಚ ಹಾಕಬ್ಯಾಡಲೇ, ಮಸಿ ತುಟ್ಟಿ ಐತಿ,” ಎಂದರು.

ಮಧ್ಯಾಹ್ನ ಮುಂಡರಗಿಯಿಂದ ಫೋನು. ಎರಡನೇ ಪಿಯುಸಿಯ ಸ್ನೇಹಾಳ ಅಪ್ಪ ಕೊಟ್ರಪ್ಪ. ಉಳಿದ ಮೂವರಲ್ಲಿ, ಅಷ್ಟೇಕೆ ಏಳೂ ಮಂದಿಯಲ್ಲಿ, ಕಥೆ ಹುಟ್ಟಿಬಂದದ್ದು ಆ ಹುಡುಗಿಯ ಕೈಗೆ. ಅವಳ ಕಥೆ ಮೊದಲ ಸಲ ಓದಿದ ದಿನ ಮಾಂತೇಶ ಮಷೀನ್ ನಿಲ್ಲಿಸಿ ಕೂತಿದ್ದ.

“ತಮ್ಮಾ, ಸಿಟ್ಟಿಲ್ಲದ ಒಂದ ಮಾತ ಕೇಳ್ತೀನಿ,” ಎಂದರು ಕೊಟ್ರಪ್ಪ. “ನಿನ್ನ ಪತ್ರಿಕಿ ಓದಿದಾಂವ ಒಬ್ಬನ್ನ ತೋರಸು. ಒಬ್ಬನ್ನರ. ಬರೂ ಸಂತಿ ಮಟಾ ಟೈಮ್ ಕೊಟ್ಟೀನಿ. ತೋರಸಲಿಲ್ಲಂದ್ರ ಮುಂದ ನನ್ನ ಮಗಳ ಪೆನ್ನು ಪರೀಕ್ಷಿ ಬರ್ಯಾಕಷ್ಟ. ಆತಿಲ್ಲೋ?”

ಆತು ಅನ್ನದೆ ಗತಿಯಿರಲಿಲ್ಲ. ಫೋನಿಟ್ಟು ಅವನು ತನಗೆ ತಾನೇ ಹೇಳಿಕೊಂಡ. ಸ್ನೇಹಾ ಹೋದರೆ ‘ಕಿಡಿಗೇಡಿ’ಯೂ ಹೋಯಿತು. ನಾಲ್ಕನೇ ಸಂಚಿಕೆಯ ಕಟ್ಟುಗಳೂ ವಾಪಸು ಬಂದರೆ ಪತ್ರಿಕೆಗೆ ಮಣ್ಣು ಕೊಟ್ಟು ಕೈತೊಳೆದುಕೊಳ್ಳುವುದೇ ಸೈ.

ಅಂಗಡಿಯಲ್ಲಿಟ್ಟರೆ ಯಾರೂ ಕೊಳ್ಳುವುದಿಲ್ಲ ಎಂಬುದು ಸಾಬೀತಾಗಿತ್ತು. ಜನರ ಕಿವಿಗೇ ಹೋಗಬೇಕು. ಅವನು ಇಸ್ಮಾಯಿಲಸಾಬರ ಬಳಿ ಹೋದ. ಸುತ್ತಲ ನಾಲ್ಕು ತಾಲೂಕಿನಲ್ಲಿ ಅವರ ಮೈಕಿನ ಆಟೋ ಗೊತ್ತಿಲ್ಲದ ಓಣಿ ಇರಲಿಲ್ಲ. ಸೀರೆ ಸೇಲು, ಕುಸ್ತಿ, ಕಣ್ಣಿನ ತಪಾಸಣಾ ಶಿಬಿರ, ಸಾವು, ಎಲ್ಲಕ್ಕೂ ಅವರದೇ ಬಾಯಿ. ಅದೂ ಎರಡು ದನಿ. ಸೇಲಿಗೆ ಒಂದು, ಪಟಾಕಿ ಸರದ ಹಾಗೆ. ಸಾವಿಗೆ ಇನ್ನೊಂದು, ಬಾವಿಯ ತಳದಿಂದ ಕೊಡ ಎಳೆದ ಹಾಗೆ.

“ಕತಿ ಓದಬೇಕು ಚಾಚಾ. ಪೂರ್ತಿ ಅಲ್ಲ. ಅರ್ಧಾ ಓದಿ, ಚಲೋ ಜಾಗಾದಾಗ ಗಕ್ಕನ ನಿಲ್ಲಿಸಿ, ಮುಂದಿಂದು ಇಂಥಾ ಪುಟದಾಗ ಐತಿ ಅನ್ನೂದು.”

ಇಸ್ಮಾಯಿಲಸಾಬರು ಗಡ್ಡ ಕೆರೆದರು. “ಊಟಕ್ಕ ಕರದು, ಒಂದ ತುತ್ತ ಉಣಿಸಿ, ತಾಟ ಕಸಕೊಂಡಂಗಾತಲ್ಲೋ ಬೇಟಾ!”

“ಹೌದ್ರಿ. ಹಂಗ.”

“ಚಲೋ ಐತಿ. ನಡಿ.”

ರವಿವಾರ ಉಳಿದ ಮೂವರ ಕಥೆಗಳಿಂದಲೇ ನಾಲ್ಕನೇ ಸಂಚಿಕೆ ಅಚ್ಚಾಯಿತು. ಮೊದಲ ದಿನ ಲಕ್ಷ್ಮೇಶ್ವರ. ಅಲ್ಲಿಯ ತಸ್ಲೀಮ ಬರೆದ ಕಥೆಯಲ್ಲಿ ಮದುವೆ ಮನೆಯ ಬಿರಿಯಾನಿ ಹಂಡೆಯೇ ಕಾಣೆಯಾಗುತ್ತದೆ. ಹಂಡೆ ಹುಡುಕುತ್ತ ವರನ ಮಾವ ಕೋಣೆಯ ಬಾಗಿಲು ತೆಗೆದ ಕ್ಷಣಕ್ಕೆ ಇಸ್ಮಾಯಿಲಸಾಬರು ನಿಲ್ಲಿಸಿ, “ಮುಂದಿನದು ಐದನೇ ಪುಟ!” ಎಂದು ಆಟೋ ಎಬ್ಬಿಸಿಯೇ ಬಿಟ್ಟರು. ಕಟ್ಟೆಯ ಮೇಲಿದ್ದ ಹೆಂಗಸರು ಎದ್ದು ಬಂದರು. “ಏ ಮುದುಕಾ, ಬಾಗಲಾ ತಗದ ಮ್ಯಾಲೆ ಏನಾತು ಹೇಳಿ ಹೋಗೋ!” ಒಂದು ಕಟ್ಟು ಅಲ್ಲೇ ಖಾಲಿಯಾಯಿತು. ಎರಡನೇ ದಿನ ಶಿರಹಟ್ಟಿ. ಅಲ್ಲಿ ವೀರು ಎಂಬ ಹುಡುಗನ ಕಥೆಗೆ ಒಂದೂವರೆ ಕಟ್ಟು. ಮಾಂತೇಶನ ಎದೆಯಲ್ಲಿ ತಮಟೆ ಶುರುವಾಗಿತ್ತು. ಆದರೆ ಕೊಟ್ರಪ್ಪನ ಕಣ್ಣೆದುರು ಆಗಬೇಕಾದದ್ದು ಮೂರನೇ ದಿನ, ಮುಂಡರಗಿ ಸಂತೆಯಲ್ಲಿ.

ಸ್ನೇಹಾ ಬರೆದದ್ದು ತನ್ನ ಆಯಿಯ ಕಥೆ, ಅಂದರೆ ಹಿರೇವಡ್ಡಟ್ಟಿಯಲ್ಲಿರುವ ಕೊಟ್ರಪ್ಪನ ತಾಯಿ ಕಸ್ತೂರೆವ್ವನದು. ಮುದುಕಿ ಸತ್ತಂತೆ ಮಲಗಿ, ಯಾರು ಬಂದರು, ಯಾರು ಖರೆ ಅತ್ತರು ಎಂದು ಒಂದೇ ಕಣ್ಣಲ್ಲಿ ನೋಡುತ್ತಾಳೆ. ಹೆಸರು ಬದಲಿಸಲು ಮಾಂತೇಶ ಹೇಳಿದ್ದ. “ಆಯಿ ಒಪ್ಪವಲ್ಲಳಣ್ಣಾ. ನನ್ನ ಕತಿ ಅಂದಮ್ಯಾಲೆ ನನ್ನ ಹೆಸರ ಇರಬೇಕು, ಇನ್ನೊಬ್ಬಾಕಿ ಯಾಕ ಹೆಸರ ಮಾಡಬೇಕು ಅಂತಾಳ,” ಎಂದಿದ್ದಳು ಸ್ನೇಹಾ. ಕೊಟ್ರಪ್ಪ ಮಾತ್ರ ಮಗಳ ಕಥೆಯ ಒಂದಕ್ಷರವನ್ನೂ ಓದಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಮಾಂತೇಶ ಆಟೋ ಇಳಿದು ಮೊದಲು ಕೊಟ್ರಪ್ಪನ ಹಿಂಡಿ-ಹತ್ತಿಕಾಳಿನ ಅಂಗಡಿಗೆ ಹೋದ. ಆಟೋ ಅಂಗಡಿಯ ಮುಂದೆ ಬಂದಾಗ ಜನ ಮುಗಿಬೀಳುವುದನ್ನು ಪಕ್ಕದಲ್ಲೇ ನಿಂತು ತೋರಿಸಬೇಕೆಂಬ ಹುರುಪು.

“ಎಲ್ಲೆದಾನಪಾ ನಿನ್ನ ಓದುಗಾ?” ಎಂದರು ಕೊಟ್ರಪ್ಪ, ಚೀಲ ತೂಗುತ್ತ. ಗಿರಾಕಿಗಳು ಕಿಸಕ್ಕೆಂದರು.

“ಬರ್ತಾನ್ರಿ ಕಾಕಾ. ಇನ್ನೊಂದ ಐದ ಮಿನಿಟು.”

ಐದು ಮಿನಿಟೂ ಬೇಕಾಗಲಿಲ್ಲ. ಸಂತೆಯ ಗದ್ದಲದ ಆಚೆಯಿಂದ ಆಟೋ ಬಂತು. ಅದರಿಂದ ಬಂದ ದನಿ ಕೇಳಿದ ಕೂಡಲೇ ಮಾಂತೇಶ ಗಕ್ಕನೆ ರಸ್ತೆಯತ್ತ ತಿರುಗಿದ. ಅದು ಬಾವಿಯ ತಳದ ದನಿ.

“ಹಿರೇವಡ್ಡಟ್ಟಿಯ... ಕಸ್ತೂರೆವ್ವ... ಇಂದು ನಸುಕಿನಲ್ಲಿ... ತೀರಿಕೊಂಡಳು.”

ತರಕಾರಿ ತೂಗುತ್ತಿದ್ದವರು ತಕ್ಕಡಿ ಕೆಳಗಿಟ್ಟರು. ಆಟೋ ಹತ್ತು ಮಾರು ಮುಂದೆ ಬಂದು ನಿಂತಿತು.

“ಹಿರೇವಡ್ಡಟ್ಟಿಯ... ಕಸ್ತೂರೆವ್ವ... ಇಂದು ನಸುಕಿನಲ್ಲಿ... ತೀರಿಕೊಂಡಳು.”

ಕೊಟ್ರಪ್ಪನ ಕೈಯಿಂದ ಚೀಲ ಜಾರಿ ಹತ್ತಿಕಾಳು ಅಂಗಡಿ ತುಂಬ ಹರಡಿತು. ಮೂರನೇ ಸಲ ಹೇಳುವಷ್ಟರಲ್ಲಿ ಅವರು ಕಾಳಿನ ಮೇಲೇ ಕುಸಿದು ಕೂತು, “ಯವ್ವಾ...” ಅಂದರು. ಮಾಂತೇಶ ಬಾಯಿ ತೆರೆದ. “ಕಾಕಾ, ಅದು ಕತಿ...” ಅನ್ನುವಷ್ಟರಲ್ಲಿ ಗಿರಾಕಿಗಳು ನಡುವೆ ಬಂದಾಗಿತ್ತು. ಯಾರೋ ನೀರು ತಂದರು, ಯಾರೋ ಬಾಗಿಲು ಎಳೆದರು, ಯಾರೋ ಬೈಕು ತಂದರು. ಕೊಟ್ರಪ್ಪ ಊರಲ್ಲಿ ತಾಯಿಯ ಜೊತೆಗಿದ್ದ ಅಣ್ಣನಿಗೆ ಫೋನು ಹಚ್ಚಿದರು. ಎಲ್ಲರೂ ಅದೇ ನಂಬರಿಗೆ ಹಚ್ಚುತ್ತಿದ್ದರಿಂದ ಅದು ಹತ್ತಲೇ ಇಲ್ಲ. ದಾರಿಯಲ್ಲಿ ಕಾಲೇಜಿನಿಂದ ಸ್ನೇಹಾಳನ್ನು ಹತ್ತಿಸಿಕೊಂಡು ಅವರು ಹಿರೇವಡ್ಡಟ್ಟಿಯತ್ತ ಹೋಗಿಯೇಬಿಟ್ಟರು.

ಮಾಂತೇಶ ಓಡಿ ಆಟೋದ ಕಂಬಿ ಹಿಡಿದ. “ಚಾಚಾ! ಏನ ಮಾಡಿಬಿಟ್ಟಿ ಚಾಚಾ! ಇದು ಕತಿ! ಒಂದ ಸಲ ಹೇಳಿ ಮುಂದ ಓದಬೇಕಿತ್ತು!”

ಇಸ್ಮಾಯಿಲಸಾಬರಿಗೆ ಅವಮಾನವಾದ ಹಾಗಾಯಿತು. “ಒಂದ ಸಲಾ? ಮೂವತ್ತ ವರ್ಷಾತು ಬೇಟಾ ಈ ಕಸಬು. ಸಾವಿನ ಸುದ್ದಿ ಮೂರ ಸಲ ಹೇಳಬೇಕು, ಒಂದೊಂದ ಸಲಕ್ಕೂ ಉಸರ ಬಿಡಬೇಕು. ನಮ್ಮಪ್ಪ ಕಲಿಸಿದ್ದು. ಕತ್ಯಾಗಾದ್ರೇನು, ಸತ್ತಾಕಿಗೆ ಮರ್ಯಾದಿ ಬ್ಯಾಡೇನ? ಮೂರ ಸಲ ಹೇಳಿ ಮುಂದ ಓದಾಕ ನೋಡತೀನಿ, ಕೇಳಾಕ ಒಬ್ಬರೂ ಇಲ್ಲ! ಎಲ್ಲಾರೂ ಟಂಟಂ ಹತ್ತಿ ಓಡಾಕತ್ತಾರ!”

ನಿಜವೇ ಆಗಿತ್ತು. ಸಾವಿನ ಸುದ್ದಿಯ ಮುಂದಿನ ಮಾತು ಯಾರೂ ಕೇಳುವುದಿಲ್ಲ, ಬಟ್ಟೆ ಬದಲಿಸಲು ಮನೆಗೆ ಓಡುತ್ತಾರೆ. ಮಾಂತೇಶನ ಫೋನಿನಲ್ಲಿ ಆಗಲೇ ಯಾರೋ ಕಸ್ತೂರೆವ್ವನ ಫೋಟೋಕ್ಕೆ ದೀಪ ಹಚ್ಚಿ ಸ್ಟೇಟಸ್ ಹಾಕಿದ್ದರು.

“ಹಿರೇವಡ್ಡಟ್ಟಿಗೆ ನಡಿ ಚಾಚಾ.”

“ಹೊಡಿತಾರೋ!”

“ಹೊಡೀಲಿ. ತಪ್ಪು ನಂದೈತಿ. ಸುಳ್ಳ ಸಾವ ಸಾರಿ ಓಡಿಹೋದ ಅನಸ್ಕೊಂಡು ನಾ ಬದುಕಾಂವ ಅಲ್ಲ.”

ಹಿರೇವಡ್ಡಟ್ಟಿಯ ಆ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಟೆಂಪೋಗಳು, ಟ್ರ್ಯಾಕ್ಟರುಗಳು, ಹಾರಗಳು, ಊದುಬತ್ತಿಯ ಹೊಗೆ. ಭಜನಾ ಮೇಳದವರು ಹಾರ್ಮೋನಿಯಂ, ತಾಳ, ಮೈಕು ಸಮೇತ ಬಂದು ಕೂತಿದ್ದರು. ಡೋಣಿಯಿಂದ ಬಂದ ನಾದಿನಿ ಟೆಂಪೋ ಇಳಿದಲ್ಲಿಂದಲೇ, “ನನ್ನವ್ವಾ, ನನ್ನ ಬಿಟ್ಟ ಹ್ವಾದ್ಯಾ...” ಎಂದು ರಾಗ ತೆಗೆದಿದ್ದಳು. ಮಧ್ಯೆ, ಕಟ್ಟೆಯ ಮೇಲೆ, ಮೊರದಲ್ಲಿ ಶೇಂಗಾ ಇಟ್ಟುಕೊಂಡು ಕಸ್ತೂರೆವ್ವ ಕೂತಿದ್ದಳು. ಕೊಟ್ರಪ್ಪ ಅವಳ ಕಾಲು ಹಿಡಿದು ಮಗುವಿನ ಹಾಗೆ ಬಿಕ್ಕುತ್ತಿದ್ದರು.

“ಹೋಗಿಲ್ಲಬೇ, ಇಲ್ಲೇ ಅದೀನಿ,” ಎಂದಳು ಮುದುಕಿ ನಾದಿನಿಗೆ. “ರಾಗ ನಿಲ್ಲಿಸಿ ಒಳಗ ಹೋಗಿ ನೀರ ಕುಡಿ. ಏ ಹುಡುಗಾ, ಕುಣಿ ತೋಡಾಕ ಹೋದವರನ್ನ ಕರ್ಕೊಂಬಾ. ತೋಡಿದ್ರ ತೋಡಲಿ, ಅದರಾಗೊಂದು ಬೇವಿನ ಗಿಡಾ ಹಚ್ಚರಿ.”

ಗುಂಪಿನಲ್ಲಿ ದೊಡ್ಡ ಗುಲಾಬಿ ಹಾರ ಹಿಡಿದು ಶಿವಯೋಗಿ ಸರ್ ಕೂಡ ನಿಂತಿದ್ದರು. ಅವರು ಹಿಂದೆ ಹೆಡ್‌ಮಾಸ್ತರರಾಗಿದ್ದ ಶಾಲೆಗೆ ಜಾಗ ಕೊಟ್ಟವರು ಕಸ್ತೂರೆವ್ವನ ಗಂಡ. ಶ್ರದ್ಧಾಂಜಲಿಯ ನಾಲ್ಕು ಹಾಳೆ ಬರೆದುಕೊಂಡೇ ಕಾರಿನಲ್ಲಿ ಬಂದಿದ್ದರು. ಈಗ ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸುತ್ತಿದ್ದರು.

ಆಟೋ ಕಂಡ ಕೂಡಲೇ ಗುಂಪು ಹುಲಿಯಂತೆ ತಿರುಗಿತು. “ಇದ ಆಟೋ! ಹಿಡೀರ್ಲೇ!”

ಮಾಂತೇಶ ಜಿಗಿದು ಇಸ್ಮಾಯಿಲಸಾಬರಿಗೆ ಅಡ್ಡ ನಿಂತ. “ಚಾಚಾನ ಮೈ ಮುಟ್ಟಬ್ಯಾಡ್ರಿ! ಬಡಿಯೋದಿದ್ರ ನನ್ನ ಬಡೀರಿ. ಅದು ಸಾವಿನ ಸುದ್ದಿ ಅಲ್ರಿ, ಕತಿ. ನನ್ನ ಪತ್ರಿಕ್ಯಾಗಿನ ಕತಿ. ತಪ್ಪು ನಂದು.”

ಕೊಟ್ರಪ್ಪ ಎದ್ದರು. ಕಣ್ಣು ಕೆಂಪು. “ಯಾರ ಬರದಾರ ಆ ಕತಿ?”

ಅಪ್ಪನ ಹಿಂದೆ ನಿಂತಿದ್ದ ಸ್ನೇಹಾ, ದಾರಿಯುದ್ದಕ್ಕೂ ಅತ್ತು ಬಾತ ಮುಖವೆತ್ತಿ, “ನಾ,” ಅಂದಳು.

ಕೊಟ್ರಪ್ಪನ ಕೈ ಮೇಲೆದ್ದಿತು. ಅದು ಇಳಿಯುವ ಮೊದಲೇ ಕಸ್ತೂರೆವ್ವನ ದನಿ ಬಿತ್ತು. “ಏ ಕೊಟ್ರ್ಯಾ! ಸತ್ತಾಕಿ ನಾನು. ಸಿಟ್ಟಾಗೋದಿದ್ರ ನಾ ಆಗಬೇಕು. ನಿಂದೇನಲೇ ನಡುವ?” ಆಮೇಲೆ ಮಾಂತೇಶನತ್ತ ತಿರುಗಿದಳು. “ನನ್ನ ಕತಿ ತಂದೀಯೇನೋ ತಮ್ಮಾ?”

“ಆಟೋದಾಗ ಐತ್ರೆಮ್ಮಾ. ಮೂರ ಕಟ್ಟು.”

“ಹಂಗಾರ ಓದಸು. ಇಷ್ಟ ಮಂದಿ ಕೆಲಸಾ ಬಿಟ್ಟು ಅಳಾಕ ಬಂದಾರ. ಅಳೂದಂತೂ ಆಗಲಿಲ್ಲ, ಬರಿಗೈಲೆ ಕಳಸಬಾರದು. ಏ ಭಜನಿಯವರ, ಮೈಕ ಕೊಡ್ರೋ ನಮ್ಮ ಹುಡುಗಿಗೆ.”

ಸ್ನೇಹಾಳ ಕೈಗೆ ಮಾಂತೇಶ ಸಂಚಿಕೆ ಕೊಟ್ಟ. ಹನ್ನೊಂದನೇ ಪುಟ, ಗುಲಾಬಿ ಕಾಗದ. ಮೊದಲ ಸಾಲನ್ನು ಅವಳು ಗಡಬಡಿಸಿ ಓದಿದಳು. ಎರಡನೇ ಸಾಲಿಗೆ, “ಊರು ಸೇರುವ ತನಕ ಕಸ್ತೂರೆವ್ವ ಸುಮ್ಮನೆ ಮಲಗಿದ್ದಳು, ಆಮೇಲೆ ಒಂದೇ ಕಣ್ಣು ತೆರೆದಳು,” ಎಂದಾಗ ಯಾರೋ ಹಿಂದೆ ನಕ್ಕರು. ಆ ನಗುವನ್ನು ಹಿಡಿದುಕೊಂಡು ಹುಡುಗಿ ಏರಿದಳು. ಕಥೆಯಲ್ಲಿ ಒಬ್ಬಳು ನಾದಿನಿ ಬರುತ್ತಾಳೆ. ರಾಗವೆಳೆದು ಅಳುತ್ತಲೇ ಹೆಣದ ಮೂಗುಬೊಟ್ಟಿನ ಮೇಲೆ ಕಣ್ಣಿಡುತ್ತಾಳೆ. “ನಾ ಹಂಗ ಅತ್ತಿಲ್ಲಬೇ!” ಎಂದು ಡೋಣಿಯವಳು ಕೂಗಿದ್ದಕ್ಕೆ ಜನ ಬಿದ್ದು ಬಿದ್ದು ನಕ್ಕರು, ಅವಳೂ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಕಥೆಯೊಳಗೆ ಒಬ್ಬ ಸಾಹೇಬರು ಬಂದರು. ಹೆಣದ ಮುಂದೆ ನಿಂತು ಭಾಷಣ ಶುರುಮಾಡಿದರು. ಬಿಸಿಲೇರಿತು, ಹಾರ ಬಾಡಿತು, ಭಾಷಣ ಮುಗಿಯಲಿಲ್ಲ. ಕೇಳುವವರ ಕಣ್ಣುಗಳು ಒಂದೊಂದಾಗಿ ಶಿವಯೋಗಿ ಸರ್ ಕಡೆ ತಿರುಗಿದವು. ಅವರು ಜೇಬಿನಿಂದ ಇಣುಕುತ್ತಿದ್ದ ಹಾಳೆಗಳನ್ನು ಒಳಗೆ ಒತ್ತಿಕೊಂಡರು.

“ಆಗ ಕಸ್ತೂರೆವ್ವ ಇನ್ನು ತಡೆಯಲಾರದೆ ಎದ್ದು ಕೂತು, ಎಲ್ಲರ ಮುಖವನ್ನೂ ಒಮ್ಮೆ ನೋಡಿ, ಒಂದೇ ಒಂದು ಮಾತು ಹೇಳಿದಳು,” ಎಂದು ಓದಿದ ಸ್ನೇಹಾ ಟಪ್ಪನೆ ಸಂಚಿಕೆ ಮುಚ್ಚಿದಳು. “ಮುಂದಿನದು ಹದಿನಾಲ್ಕನೇ ಪುಟದಾಗ ಐತ್ರಿ.”

ಮಾಂತೇಶನೇ ಬೆಚ್ಚಿದ. ಇದನ್ನು ಅವನು ಹೇಳಿಕೊಟ್ಟಿರಲಿಲ್ಲ.

“ಏ ಹುಡುಗಿ! ಎದ್ದು ನಾ ಏನಂದೆ?” ಎಂದಳು ಕಸ್ತೂರೆವ್ವ, ಶೇಂಗಾದ ಮೊರ ಬದಿಗಿಟ್ಟು.

“ತಗೊಂಡ ಓದು ಆಯಿ.”

“ನನಗೆಲ್ಲಿ ಓದಾಕ ಬರತೈತಿ? ಲೇ ಕೊಟ್ರ್ಯಾ, ಬಾ ಇಲ್ಲೆ. ಓದು.”

ಅಷ್ಟರಲ್ಲಿ ಆಟೋ ಜೇನುಗೂಡಿನಂತಾಗಿತ್ತು. ಇಸ್ಮಾಯಿಲಸಾಬರು, “ಸಾಲಾಗ ಬರ್ರಿ, ಸಾಲಾಗ!” ಎಂದು ಕಿರಿಚುತ್ತಿದ್ದರು. ಸೇಲಿನ ದನಿ, ಪಟಾಕಿ ಸರ. ಒಂದು ಕಟ್ಟು, ಎರಡು ಕಟ್ಟು, ಮೂರನೆಯದರ ದಾರ ಬಿಚ್ಚುವ ಮೊದಲೇ ಹರಿದುಕೊಂಡರು. ಟ್ರ್ಯಾಕ್ಟರಿನ ಮೇಲೆ ಆರು ಜನ ಒಂದು ಸಂಚಿಕೆಗೆ ತಲೆ ಕೂಡಿಸಿದ್ದರು. ಭಜನಾ ಮೇಳದ ಮುದುಕ ಕನ್ನಡಕವಿಲ್ಲವೆಂದು ಪಕ್ಕದವನಿಂದ ಗಟ್ಟಿಯಾಗಿ ಓದಿಸುತ್ತಿದ್ದ. ಹುಡುಗಿಯರು ತಸ್ಲೀಮಳ ಬಿರಿಯಾನಿ ಹಂಡೆಗೆ ಆಗಲೇ ಜಗಳ ಬಿದ್ದಿದ್ದರು. ಕಟ್ಟೆಯ ಮೇಲೆ, ತಾಯಿಯ ಕಿವಿಯ ಹತ್ತಿರ ಬಾಗಿ, ಕೊಟ್ರಪ್ಪ ಬೆರಳಿಟ್ಟು ಒಂದೊಂದೇ ಸಾಲು ಓದುತ್ತಿದ್ದರು. ನಡುವೆ ಒಂದು ಕಡೆ ಅವರ ಬೆರಳು ನಿಂತಿತು. ಮುದುಕಿ, “ಹೂಂ, ಮುಂದ?” ಎಂದು ಮೊಳಕೈಯಿಂದ ತಿವಿದಳು. ಓದಿ ಮುಗಿಸಿ ಅವರು ಮಗಳನ್ನು ನೋಡಿದ ನೋಟ ಮಾಂತೇಶನಿಗೆ ದೂರದಿಂದಲೇ ಕಂಡಿತು. ಕೊಟ್ರಪ್ಪ ಅವನತ್ತಲೂ ನೋಡಿ ಸಂಚಿಕೆಯನ್ನು ತಲೆಯ ಮೇಲೆತ್ತಿ, “ತಮ್ಮಾ! ಮುಂದಿಂದು ಯಾವಾಗ ತರ್ತಿ?” ಎಂದು ಕೂಗಿದರು.

ಒಂಬತ್ತನೇತ್ತ ಬಿಟ್ಟ ದಿನದಿಂದ ಮಾಂತೇಶನ ಎದೆಯಲ್ಲಿ ಬಿಗಿದುಕೊಂಡೇ ಇದ್ದ ಏನೋ ಒಂದು ಸಡಿಲವಾಯಿತು. ಕಣ್ಣು ತುಂಬಿದ್ದು ಊದುಬತ್ತಿಯ ಹೊಗೆಗೆ ಎಂದುಕೊಂಡ.

ಹೆಗಲ ಮೇಲೆ ಒಂದು ಕೈ ಬಿತ್ತು. ಶಿವಯೋಗಿ ಸರ್. ಇನ್ನೊಂದು ಕೈಯಲ್ಲಿ ‘ಕಿಡಿಗೇಡಿ’, ಹದಿನಾಲ್ಕನೇ ಪುಟಕ್ಕೆ ಬೆರಳಿಟ್ಟಿದ್ದರು. ಸುತ್ತ ನಿಂತವರಿಗೆಲ್ಲ ಕೇಳುವ ಹಾಗೆ ಸಭೆಯ ದನಿ ತೆಗೆದರು.

“ಶಾಭಾಸ್ ಮಾಂತೇಶ! ನಿನ್ನೊಳಗ ಏನೋ ಐತಂತ ನನಗ ಆವತ್ತ ಅನಿಸಿತ್ತು ನೋಡು. ಇನ್ನ ಒಂದ ಕೆಲಸಾ ಮಾಡೋಣು. ಪತ್ರಿಕಿ ನಮ್ಮ ವೇದಿಕೆಯಿಂದ ಬರಲಿ. ಪ್ರಧಾನ ಸಂಪಾದಕರು ಅಂತ ನನ್ನ ಹೆಸರ ಇರಲಿ, ಒಂದ ತೂಕಾ ಬರತೈತಿ. ನೀ ಸಹಾಯಕ. ಓಡಾಡೂದು ನೀ ನೋಡ್ಕೋ. ಏನಂತಿ?”

ಜನ ಓದುವುದು ಬಿಟ್ಟು ಇತ್ತ ನೋಡಿದರು. ಸ್ನೇಹಾ ಮೈಕು ಹಿಡಿದೇ ನಿಂತಳು. ಇಸ್ಮಾಯಿಲಸಾಬರು, ಸಭಾಭವನದ ಕುರ್ಚಿಯ ಕಥೆ ಕೇಳಿದವರು, ಕಣ್ಣು ಮುಚ್ಚಿಕೊಂಡರು. ಮಾಂತೇಶನ ನಾಲಿಗೆಯ ಮೇಲೆ ಹತ್ತು ಮಾತು ಸಾಲುಗಟ್ಟಿದ್ದವು, ಒಂದಕ್ಕಿಂತ ಒಂದು ಖಾರ.

“ಹೇಳಪಾ, ಏನಂತಿ?” ಎಂದರು ಸರ್ ಮತ್ತೊಮ್ಮೆ, ನಗುತ್ತ.

ಆಟೋದ ಕಡೆಯಿಂದ ಯಾರೋ, “ಡೋಣಿಗೆ ಒಂದ ಕಟ್ಟ ಬೇಕಲ್ರಿ, ಖಾಲಿ ಅಂದ್ರ ಹೆಂಗ?” ಎಂದು ಗಲಾಟೆ ಹಚ್ಚಿದ್ದರು. ರವಿವಾರಕ್ಕೆ ಇನ್ನೂ ಮೂರು ದಿನವಿತ್ತು. ಈಶಪ್ಪನವರ ಕಾಲು ಹಿಡಿದಾದರೂ ಇವತ್ತೇ ಮಷೀನು ಕೇಳಬೇಕು. ಕಾಗದ ಯಾವ ಬಣ್ಣದ್ದು ಸಿಕ್ಕರೂ ನಡೆದೀತು.

ಮಾಂತೇಶ ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ತೆಗೆದು ಬದಿಗಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಆಟೋದತ್ತ ನಡೆದುಬಿಟ್ಟ.